ಹಕ್ಕಿಗಳ ಮೇಲೆ ಪಿಎಚ್‌ಡಿ: ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ಬೇಸಿಗೆಯಲ್ಲಿ ರಂಗನತಿಟ್ಟಿನ ದೋಣಿ ಹತ್ತಿದವರ ಕಣ್ಣೆಲ್ಲ ಮೊಸಳೆಯ ಮೇಲೆ, ಇಲ್ಲವೇ ಮರ ತುಂಬಿದ ಕೊಕ್ಕರೆಗಳ ಮೇಲೆ. ನೀವು ನೀರಿನಿಂದ ಗೇಣುದ್ದ ಮೇಲಿರುವ ಬೋಳು ಬಂಡೆಗಳನ್ನು ನೋಡಿ. ಕಪ್ಪು ತಲೆ, ಹಳದಿ ಕೊಕ್ಕಿನ ನದಿ ರೀವ (ರಿವರ್ ಟರ್ನ್) ಎಂಬ ಹಕ್ಕಿ ಅಲ್ಲೇ ಮೊಟ್ಟೆ ಇಡುತ್ತದೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ಕಲ್ಲಿನ ಬಣ್ಣಕ್ಕೇ ಹೊಂದಿಕೊಂಡ ಚುಕ್ಕೆಚುಕ್ಕೆಯ ಮೊಟ್ಟೆಗಳು. ಮೇಲಿನ ಕೃಷ್ಣರಾಜಸಾಗರದಿಂದ ಏಕಾಏಕಿ ನೀರು ಬಿಟ್ಟರೆ ಆ ವರ್ಷದ ಸಂಸಾರ ಕೊಚ್ಚಿಹೋಯಿತೆಂದೇ ಲೆಕ್ಕ. ಹೊಳೆ ಎಷ್ಟು ಏರಿದರೆ ಎಷ್ಟು ಗೂಡು ಮುಳುಗುತ್ತದೆ? ಸಂಶೋಧನೆ ಹುಟ್ಟುವುದು ಇಂಥ ಪ್ರಶ್ನೆಯಿಂದ. ಹಕ್ಕಿಗಳೆಂದರೆ ಇಷ್ಟ ಎನ್ನುವುದಷ್ಟೇ ಸಾಲದು.

ಹಾಗಾಗಿ ಮೊದಲ ಕೆಲಸ, ಒಂದು ನೋಟ್‌ಬುಕ್ ಹಿಡಿದು ಒಂದೇ ಜಾಗಕ್ಕೆ ಒಂದು ಋತು ಪೂರ್ತಿ ಹೋಗುವುದು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಸಾಕು. ಮದ್ದೂರು ಕಡೆಯವರಿಗೆ ಕೊಕ್ಕರೆಬೆಳ್ಳೂರು ಇದೆ. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟುವ, 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಊರು. ದಿನಾಂಕ, ಸಮಯ, ಎಣಿಕೆ, ಮರ ಯಾರದ್ದು ಎಂಬುದನ್ನೂ ಬರೆಯಿರಿ. ರಣಹದ್ದುಗಳತ್ತ ಮನಸ್ಸಿದ್ದರೆ ಬಂಡೀಪುರ, ರಾಮನಗರ ದೂರವೇನಲ್ಲ. ಅಲ್ಲಿ ಪ್ರಶ್ನೆ ದನದ ಕೊಟ್ಟಿಗೆಯವರೆಗೂ ಬರುತ್ತದೆ: ಸತ್ತ ದನಗಳ ಮಾಂಸದ ಮೂಲಕ ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ನೋವುನಿವಾರಕವನ್ನು ಜಾನುವಾರುಗಳಿಗೆ ಕೊಡದಂತೆ 2006ರಲ್ಲಿ ನಿಷೇಧಿಸಲಾಯಿತು.

ಇನ್ನು ಅರ್ಹತೆ. ಸ್ನಾತಕೋತ್ತರ ಪದವಿ ಮಾಡಿದವರಿಗೆ ಅದರಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ವರ್ಗದವರಿಗೆ ಶೇ 5ರಷ್ಟು ವಿನಾಯಿತಿ ಇದೆ. ಪ್ರಾಣಿಶಾಸ್ತ್ರದವರು ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಜೀವವಿಜ್ಞಾನದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು, ಪರಿಸರ ವಿಜ್ಞಾನದವರಿಗೆ ಯುಜಿಸಿ ನೆಟ್‌ನಲ್ಲೇ ಪ್ರತ್ಯೇಕ ವಿಷಯವಿದೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಜೆಆರ್‌ಎಫ್ ಇಲ್ಲದೆ ಪಾಸಾದವರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ. ಇದನ್ನು ಮರೆಯಬೇಡಿ.

ಸಂಸ್ಥೆಗಿಂತ ಮಾರ್ಗದರ್ಶಕರು ಮುಖ್ಯ ಎಂಬುದು ನನ್ನ ಗಟ್ಟಿ ನಂಬಿಕೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಏಟ್ರೀ ಮತ್ತು ಎನ್‌ಸಿಬಿಎಸ್, ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರ, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ, ಎಲ್ಲಿಯಾದರೂ ಸರಿ. ಅವರ ಎರಡು ಪ್ರಬಂಧಗಳನ್ನಾದರೂ ಓದದೆ ಪತ್ರ ಬರೆಯಬೇಡಿ. ಪತ್ರ ಒಂದು ಪುಟ ಮೀರದಿರಲಿ. ನಿಮ್ಮ ಪ್ರಶ್ನೆ, ನೋಟ್‌ಬುಕ್‌ನಲ್ಲಿ ನೀವೇ ಕಂಡದ್ದು, ಗೊತ್ತಿಲ್ಲದ್ದು, ಇಷ್ಟಿದ್ದರೆ ಸಾಕು. ಕೂಡಲೇ ಸೀಟು ಸಿಗದಿದ್ದರೆ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಸಹಾಯಕರಾಗಿ ವರ್ಷ ಕಳೆಯಿರಿ. ಅದು ವ್ಯರ್ಥವಾದ ವರ್ಷವಲ್ಲ.

ಹೆಚ್ಚಿನವರು ಎಡವುವುದು ಅನುಮತಿಯ ವಿಷಯದಲ್ಲಿ. ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ, ಕಡತ ತಿಂಗಳುಗಟ್ಟಲೆ ಓಡಾಡಬಹುದು. ರೀವ ಗೂಡು ಮಾಡುವುದು ಮಾರ್ಚ್‌ನಿಂದ ಮೇ ತನಕ. ಅನುಮತಿ ಜೂನ್‌ನಲ್ಲಿ ಕೈಸೇರಿದರೆ ಒಂದು ವರ್ಷವೇ ಹೋಯಿತು. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಎಂದರೆ ನಿಮ್ಮ ಕೈಯಲ್ಲಿರುವುದು ಮೂರೇ ಬೇಸಿಗೆ. ನೋಂದಣಿಯಾದ ವಾರವೇ ಅರ್ಜಿ ಹಾಕಿ.

ಅನುಮತಿ ಸಿಕ್ಕಿತೆಂದು ದೋಣಿಯನ್ನು ಬಂಡೆಗೆ ತಾಗಿಸಬೇಡಿ. ತಾಯಿ ಹಕ್ಕಿ ಎದ್ದುಹೋದರೆ ಏಪ್ರಿಲ್ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮೊಟ್ಟೆಗಳು ಹೆಚ್ಚು ಹೊತ್ತು ಉಳಿಯುವುದಿಲ್ಲ. ದಡದಲ್ಲಿ ಕುಳಿತು ದೂರದರ್ಶಕದಲ್ಲೇ ಎಣಿಸಿ.