ಆಫರ್ ಲೆಟರ್‌ನ ಸಂಬಳ ಓದೋದು ಹೇಗೆ: ಎಚ್‌1ಬಿ ಮೇಲೆ ಕೆಲಸ ಮಾಡಿದ ಸ್ಪೀಚ್ ಥೆರಪಿಸ್ಟ್ ಒಬ್ಬಳ ಅನುಭವ

"ಅಕ್ಕ, ಅಮೆರಿಕದಲ್ಲಿ ಸ್ಪೀಚ್ ಥೆರಪಿಸ್ಟ್‌ಗೆ ಎಷ್ಟು ಕೊಡ್ತಾರೆ?" ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಮೈಸೂರಿಗೆ ಹೋಗಿ ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣ ಚಿಕಿತ್ಸೆಯ ಪದವಿ) ಓದುತ್ತಿರುವ ಮಕ್ಕಳು ಫೋನ್ ಮಾಡಿದಾಗ ಮೊದಲು ಕೇಳುವುದು ಇದನ್ನೇ. ಕೊಡಗಿನಲ್ಲಿ ಯಾರಾದರೂ ಕಾಫಿ ರೇಟ್ ಎಷ್ಟು ಅಂದರೆ ನಾವು ಸುಮ್ನೆ ಒಂದು ನಂಬರ್ ಹೇಳೋದಿಲ್ಲ. ಅರೇಬಿಕಾನಾ ರೋಬಸ್ಟಾನಾ, ಪಾರ್ಚ್‌ಮೆಂಟಾ ಚೆರ್ರಿಯಾ ಅಂತ ತಿರುಗಿ ಕೇಳುತ್ತೇವೆ. ಸಂಬಳದ್ದೂ ಹಾಗೇ. ಯಾವ ವೀಸಾ, ಯಾವ ಊರು, ಯಾವ ಲೆವೆಲ್, ವರ್ಷದಲ್ಲಿ ಎಷ್ಟು ವಾರ ಅನ್ನೋದು ಗೊತ್ತಿಲ್ಲದೆ ಹೇಳಿದ ನಂಬರ್ ಯಾವ ಕೆಲಸಕ್ಕೂ ಬರೋದಿಲ್ಲ.

ನಾನು ಮೈಸೂರಿನಲ್ಲಿ ಓದಿ, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿ, ಶಾಲೆಗಳಿಗೆ ಥೆರಪಿಸ್ಟ್‌ಗಳನ್ನು ಕಳಿಸುವ ಒಂದು ಏಜೆನ್ಸಿಯ ಮೂಲಕ ಎಚ್‌1ಬಿ, ಅಂದರೆ ಕಂಪನಿಯೇ ಅರ್ಜಿ ಹಾಕಿ ಕೊಡಿಸುವ ಅಮೆರಿಕದ ಕೆಲಸದ ವೀಸಾ, ಪಡೆದವಳು. ಈಗ ಊರಿಗೆ ಬಂದು ಕುಶಾಲನಗರದಲ್ಲಿ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ಬಿಎಎಸ್‌ಎಲ್‌ಪಿ ಇಟ್ಟುಕೊಂಡು ಅಲ್ಲಿ ಸ್ಪೀಚ್ ಪ್ಯಾಥಾಲಜಿಸ್ಟ್ (ಸ್ಪೀಚ್ ಥೆರಪಿಸ್ಟ್‌ಗೆ ಅಲ್ಲಿಯ ಹೆಸರು) ಆಗಲು ಆಗೋದಿಲ್ಲ. ಮಾಸ್ಟರ್ಸ್ ಬೇಕು. ಆಮೇಲೆ ಆಶಾ ಅನ್ನೋ ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಸ್ಥೆಯ ಸರ್ಟಿಫಿಕೇಟ್‌ಗಾಗಿ ಪ್ರಾಕ್ಸಿಸ್ ಪರೀಕ್ಷೆ ಪಾಸಾಗಬೇಕು, ಕನಿಷ್ಠ 36 ವಾರ, 1,260 ಗಂಟೆಯ ಕ್ಲಿನಿಕಲ್ ಫೆಲೋಶಿಪ್ (ಹಿರಿಯರ ಉಸ್ತುವಾರಿಯಲ್ಲಿ ಮಾಡುವ ಮೊದಲ ಕೆಲಸ) ಮುಗಿಸಬೇಕು. ಅಸಿಸ್ಟೆಂಟ್ ಹುದ್ದೆಯೇ ಬೇರೆ, ಅದರ ಕೋಡ್ ಬೇರೆ, ಸಂಬಳವೂ ಬೇರೆ. ಆಫರ್‌ನಲ್ಲಿ ನಿಮ್ಮ ಹುದ್ದೆಗೆ ಅಮೆರಿಕ ಸರ್ಕಾರ ಕೊಟ್ಟಿರುವ ಕೋಡ್ 29-1127 ಅಂತ ಇದೆಯಾ ನೋಡಿ. ಅದೇ ಸ್ಪೀಚ್ ಲ್ಯಾಂಗ್ವೇಜ್ ಪ್ಯಾಥಾಲಜಿಸ್ಟ್ ಕೋಡ್. ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್‌ಗೆ 29-1181.

ಎಚ್‌1ಬಿಗೆ ಅರ್ಜಿ ಹಾಕುವ ಮೊದಲು ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಅನ್ನೋ ಒಂದು ಫಾರಂ ಸಲ್ಲಿಸಬೇಕು. ಸಂಬಳದ ಕಥೆ ಎಲ್ಲಾ ಇರೋದು ಅದರಲ್ಲೇ. ಅದರಲ್ಲಿ ಕಂಪನಿ ಒಂದು ಮಾತು ಕೊಡುತ್ತದೆ. ಇದೇ ಕೆಲಸ ಮಾಡುವ ತನ್ನ ಬೇರೆ ನೌಕರರಿಗೆ ಕೊಡುತ್ತಿರುವ ಸಂಬಳ ಒಂದು, ಆ ಪ್ರದೇಶದಲ್ಲಿ ಆ ಹುದ್ದೆಗೆ ಚಾಲ್ತಿಯಲ್ಲಿರುವ ಸಂಬಳ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕಿಂತ ಕಡಿಮೆ ಕೊಡೋದಿಲ್ಲ ಅಂತ. ಎರಡನೆಯದಕ್ಕೆ ಪ್ರಿವೇಲಿಂಗ್ ವೇಜ್ ಅಂತ ಹೆಸರು. ಅದು ಗುಟ್ಟಲ್ಲ. ಕಾರ್ಮಿಕ ಇಲಾಖೆಯ ಫ್ಲ್ಯಾಗ್ ವೆಬ್‌ಸೈಟ್‌ನಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಹುದ್ದೆಯ ಕೋಡ್ ಹಾಕಿದರೆ ಸಂಬಳದ ನಾಲ್ಕು ಲೆವೆಲ್‌ಗೂ, ಅಂದರೆ ದರ್ಜೆಗೂ, ಗಂಟೆಗೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಬರುತ್ತದೆ. ಪ್ರತಿ ವರ್ಷ ಜುಲೈ 1ಕ್ಕೆ ಅಂಕಿ ಬದಲಾಗುತ್ತದೆ. ಜೂನ್‌ನಲ್ಲಿ ನೋಡಿದ್ದು ಆಗಸ್ಟ್‌ನಲ್ಲಿ ಇರೋದಿಲ್ಲ.

ನನ್ನ ಎಲ್‌ಸಿಎಯ ಮೊದಲ ಕರಡಿನಲ್ಲಿ ಲೆವೆಲ್ 1 ಅಂತ ಹಾಕಿದ್ದರು. ಲೆವೆಲ್ 1 ಅಂದರೆ ಈಗಷ್ಟೇ ಕೆಲಸಕ್ಕೆ ಸೇರಿ, ಬೇರೆಯವರ ಉಸ್ತುವಾರಿಯಲ್ಲಿ ಕಲಿಯುವವರ ದರ್ಜೆ. ಫೆಲೋಶಿಪ್ ಮಾಡುವವರಿಗೆ ಅದು ಸರಿ. ನಂದು ಆಗಲೇ ಮುಗಿದಿತ್ತು. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ತುಂಬಾ ಜನ ಇಲ್ಲೇ ಎಡವುತ್ತಾರೆ. ಲೆವೆಲ್ ನಿರ್ಧಾರ ಆಗೋದು ನಿಮ್ಮ ಹತ್ತಿರ ಎಷ್ಟು ಸರ್ಟಿಫಿಕೇಟ್ ಇದೆ ಅನ್ನೋದರ ಮೇಲಲ್ಲ. ಆ ಕೆಲಸಕ್ಕೆ ಕಂಪನಿ ಏನೇನು ಕೇಳಿದೆ ಅನ್ನೋದರ ಮೇಲೆ. ಎಷ್ಟು ಅನುಭವ, ಏನು ಓದು, ವಿಶೇಷ ಕೌಶಲ ಏನಾದರೂ ಬೇಕಾ, ಕೈಕೆಳಗೆ ಜನ ಇರುತ್ತಾರಾ, ಇವಕ್ಕೆ ಪಾಯಿಂಟ್ ಸೇರಿಸುತ್ತಾ ಹೋಗುತ್ತಾರೆ. ಹಾಗಾಗಿ "ನನಗೆ ಇಷ್ಟು ವರ್ಷ ಅನುಭವ ಇದೆ ಸಾರ್" ಅಂತ ವಾದ ಮಾಡಿದರೆ ನಡೆಯೋದಿಲ್ಲ. ನಾನು ಮಾಡಿದ್ದು ಇಷ್ಟೇ. ಅವರದೇ ಕೆಲಸದ ವಿವರದ ಹಾಳೆ ತೆಗೆದೆ. ಅದರಲ್ಲಿ ಫೆಲೋಶಿಪ್ ಮುಗಿದಿರಬೇಕು, ಶಾಲೆಯಲ್ಲಿ ಕೆಲಸ ಮಾಡಿದ ಅನುಭವ ಬೇಕು, ಅಸಿಸ್ಟೆಂಟ್‌ಗಳನ್ನು ನೋಡಿಕೊಳ್ಳಬೇಕು ಅಂತ ಬರೆದಿದ್ದ ಮೂರು ಸಾಲಿಗೆ ಗೆರೆ ಎಳೆದು ವಾಪಸ್ ಕಳಿಸಿದೆ. ಇಷ್ಟೆಲ್ಲ ಕೇಳಿ ಲೆವೆಲ್ 1 ಹೇಗಾಯಿತು, ಪಾಯಿಂಟ್ ಲೆಕ್ಕ ತೋರಿಸಿ ಅಂತ ಬರೆದೆ. ಏಜೆನ್ಸಿಯ ವಕೀಲರು ಮತ್ತೆ ಲೆಕ್ಕ ಹಾಕಿ ಲೆವೆಲ್ 2 ಮಾಡಿದರು. ಜಗಳ ಇಲ್ಲ, ಗಲಾಟೆ ಇಲ್ಲ. ಅವರಿಗೂ ಗೊತ್ತು, ತಪ್ಪು ಲೆವೆಲ್ ಹಾಕಿದರೆ ಪೆಟಿಷನ್, ಅಂದರೆ ಎಚ್‌1ಬಿ ಅರ್ಜಿಯ, ಪರಿಶೀಲನೆಯಲ್ಲಿ ಪ್ರಶ್ನೆ ಬರೋದು ಅವರಿಗೇ.

ಈಗ ಬೇಸಿಗೆ ರಜೆಯ ವಿಷಯ. ಶಾಲೆಗಳಲ್ಲಿ ಕೆಲಸ ಮಾಡುವ ಥೆರಪಿಸ್ಟ್‌ಗಳು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳೋದು ಇಲ್ಲೇ.

ಏಜೆನ್ಸಿಗಳು ಸಂಬಳವನ್ನು ಗಂಟೆ ಲೆಕ್ಕದಲ್ಲಿ ಹೇಳುತ್ತವೆ. ಗಂಟೆಗೆ 40 ಡಾಲರ್ ಅಂದರು ಅಂತ ಇಟ್ಟುಕೊಳ್ಳಿ. ನೀವು ತಕ್ಷಣ 2,080 ಗಂಟೆಗೆ ಗುಣಿಸುತ್ತೀರಿ. ಅದು ವಾರಕ್ಕೆ 40 ಗಂಟೆಯಂತೆ 52 ವಾರದ ಲೆಕ್ಕ, ಇಲಾಖೆಯವರು ವರ್ಷದ ಸಂಬಳ ಮಾಡೋದೂ ಹೀಗೇ. 83,200 ಡಾಲರ್ ಬಂತು. ಇಲ್ಲಿಯ ದುಡ್ಡಿಗೆ ಬದಲಾಯಿಸಿ ಅಪ್ಪನಿಗೆ ಹೇಳಿದ್ದೂ ಆಯಿತು. ಆದರೆ ಶಾಲೆ ನಡೆಯೋದು ಸುಮಾರು 38 ವಾರ, ವಾರಕ್ಕೆ ಏಜೆನ್ಸಿ ಶಾಲೆಗೆ ಬಿಲ್ ಮಾಡೋದು 37.5 ಗಂಟೆ ಅಂದುಕೊಂಡರೆ ಒಟ್ಟು 1,425 ಗಂಟೆ. ಕೈಗೆ ಬರೋದು 57,000. ಅದೂ ತೆರಿಗೆಗೆ ಮೊದಲು. ನಡುವಿನ 26,200 ಡಾಲರ್ ಎಲ್ಲಿ ಹೋಯಿತು? ಬೇಸಿಗೆ ರಜೆ, ಕ್ರಿಸ್‌ಮಸ್ ರಜೆ, ಹಿಮ ಬಿದ್ದು ಶಾಲೆ ಮುಚ್ಚಿದ ದಿನಗಳು, ಬಿಲ್ ಆಗದ ಗಂಟೆಗಳು.

ಅಮೆರಿಕದವರು ಇದಕ್ಕೆ ಒಪ್ಪಿಕೊಂಡು ಕೆಲಸ ಮಾಡಬಹುದು. ಎಚ್‌1ಬಿ ಮೇಲೆ ಪೂರ್ಣಾವಧಿ ನೌಕರಿಗೆ ಇರುವವರ ವಿಷಯದಲ್ಲಿ ಏಜೆನ್ಸಿ ಹೀಗೆ ಮಾಡುವಂತಿಲ್ಲ. ಕೆಲಸ ಕೊಡದೆ ಕೂರಿಸಿದರೂ ಸಂಬಳ ಕೊಡಲೇಬೇಕು. ಸಂಬಳ ಕೊಡದೆ ಕೂರಿಸೋದನ್ನು ಅಲ್ಲಿ ಬೆಂಚಿಂಗ್ ಅಂತಾರೆ, ಅದು ಕಾನೂನಿಗೆ ವಿರುದ್ಧ. ಇದಕ್ಕೆ ಒಂದು ವಿನಾಯಿತಿ ಇದೆ. ಶಾಲೆಯೇ ನಿಮ್ಮ ಮಾಲೀಕ ಆಗಿದ್ದರೆ ವರ್ಷದ ಪೂರ್ತಿ ಸಂಬಳವನ್ನು 12 ತಿಂಗಳಿಗಿಂತ ಕಡಿಮೆ ಕಂತುಗಳಲ್ಲಿ ಕೊಡಬಹುದು. ಅಲ್ಲಿನ ಬೇರೆ ನೌಕರರಿಗೂ ಅದೇ ಪದ್ಧತಿ ಇರಬೇಕು, ಕೆಲಸ ಶುರುವಾಗುವ ಮೊದಲೇ ನೀವು ಒಪ್ಪಿರಬೇಕು. ಆಗಲೂ ವರ್ಷದ ಮೊತ್ತ ಕಡಿಮೆ ಆಗೋದಿಲ್ಲ, ಬರೀ ಕಂತು ಬದಲಾಗುತ್ತದೆ. ಏಜೆನ್ಸಿ ಶಾಲೆ ಅಲ್ಲ. ಈ ವಿನಾಯಿತಿ ಅದಕ್ಕೆ ಸಿಗೋದಿಲ್ಲ.

ನಾನು ಕೇಳಿದ್ದು ಒಂದೇ ಸಾಲು: "ಜೂನ್, ಜುಲೈ ಸಂಬಳದ ಚೀಟಿಯಲ್ಲಿ ಎಷ್ಟು ಇರುತ್ತದೆ?" ಏಜೆನ್ಸಿಯಿಂದ ಫೋನ್‌ನಲ್ಲಿ ಮಾತಾಡುತ್ತಿದ್ದ ಹುಡುಗಿ ತುಂಬಾ ಹೊತ್ತು ಬೇರೆ ಬೇರೆ ವಿಷಯ ಹೇಳಿದಳು, ಸಮ್ಮರ್ ಪ್ರೋಗ್ರಾಂ ಇದೆ, ಟೆಲಿಥೆರಪಿ ಸಿಗಬಹುದು ಅಂತ. ಸಿಗಬಹುದು ಅನ್ನೋದಕ್ಕೆ ಬ್ಯಾಂಕ್‌ನಲ್ಲಿ ಬೆಲೆ ಇಲ್ಲ, ಅಲ್ವಾ? ಉತ್ತರ ಬರಹದಲ್ಲಿ ಕೊಡಿ ಅಂದೆ. ಕೊನೆಗೆ ಗಂಟೆ ಲೆಕ್ಕ ತೆಗೆದು, ವರ್ಷದ ಸಂಬಳವನ್ನು 26 ಕಂತಿಗೆ ಹಂಚಿದ ಹೊಸ ಆಫರ್ ಬಂತು. ಗಂಟೆಗೆ ಲೆಕ್ಕ ಹಾಕಿದರೆ ಮೊದಲಿಗಿಂತ ಸ್ವಲ್ಪ ಕಡಿಮೆ ಅನಿಸಿತು, ಆದರೆ ಪ್ರಿವೇಲಿಂಗ್ ವೇಜ್‌ಗಿಂತ ಮೇಲೆಯೇ ಇತ್ತು. ಜುಲೈನಲ್ಲೂ ಬಾಡಿಗೆ ಕಟ್ಟಬೇಕಲ್ಲ. ಸಹಿ ಹಾಕಿದೆ.

ಮುಂದೆ ವೀಸಾ ಸ್ಟಾಂಪಿಂಗ್‌ಗೆ ಅಂತ ಊರಿಗೆ ಬಂದಿದ್ದಾಗ ಇನ್ನೊಂದು ಪ್ರಸಂಗ ಆಯಿತು. ಜೋರು ಮಳೆಗಾಲ. ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಮೊಬೈಲ್ ಸಿಗ್ನಲ್ ಸಿಗೋದು ತೋಟದ ಮೇಲಿನ ಗೇಟಿನ ಹತ್ತಿರ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತು ಮೇಲ್ ನೋಡಿದರೆ, ಶಾಲೆ ಬದಲಾಗಿದೆ, ಹೊಸದು ಬೇರೆ ಕೌಂಟಿಯಲ್ಲಿದೆ, "ಉಳಿದದ್ದೆಲ್ಲ ಹಾಗೇ" ಅಂತ ಬರೆದಿದ್ದರು. ಉಳಿದದ್ದು ಹಾಗೇ ಇರಲು ಸಾಧ್ಯವೇ ಇಲ್ಲ. ಎಲ್‌ಸಿಎ ಜಾಗಕ್ಕೆ ಕಟ್ಟಿದ್ದು. ದಿನಾ ಹೋಗಿಬರುವ ದೂರದ ಆಚೆ, ಬೇರೆ ಮೆಟ್ರೋ (ಮಹಾನಗರ) ಪ್ರದೇಶಕ್ಕೆ ಕೆಲಸದ ಜಾಗ ಹೋದರೆ ಹೊಸ ಎಲ್‌ಸಿಎ ಬೇಕು, ತಿದ್ದುಪಡಿ ಪೆಟಿಷನ್ ಬೇಕು. 2015ರಲ್ಲಿ ಅಮೆರಿಕದ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ ಸಿಮಿಯೋ ತೀರ್ಪಿನ ನಂತರ ಇದರಲ್ಲಿ ಅನುಮಾನವೇ ಇಲ್ಲ. ಅಲ್ಲೇ ನಿಂತು ಫೋನ್‌ನಲ್ಲಿ ಹೊಸ ಕೌಂಟಿಯ ಲೆವೆಲ್ 2 ನೋಡಿದೆ. ನನ್ನ ಸಂಬಳಕ್ಕಿಂತ ಜಾಸ್ತಿ ಇತ್ತು. ಪುಟದ ಫೋಟೋ ತೆಗೆದು ಕಳಿಸಿದೆ. ಜಿಗಣೆ ಕಚ್ಚಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಬೇರೆ ಮಾತು. ಸಂಬಳ ಏರಿಸಿ, ಹೊಸ ಎಲ್‌ಸಿಎ ಮಾಡಿಸಿದರು. ಎಲ್‌ಸಿಎಗೆ ಇಲಾಖೆ ತೆಗೆದುಕೊಳ್ಳೋದು 7 ಕೆಲಸದ ದಿನ ಅಷ್ಟೇ. "ಸಮಯ ಇಲ್ಲ" ಅನ್ನೋ ಮಾತಿಗೆ ಅರ್ಥ ಇಲ್ಲ.

ಲೈಸೆನ್ಸ್ ಬಗ್ಗೆಯೂ ಇದೇ ರೀತಿ ಕೇಳಿ. ಪ್ರತಿ ರಾಜ್ಯಕ್ಕೂ ಬೇರೆ ಲೈಸೆನ್ಸ್. ಅದು ಬರೋದು ತಡವಾಗಿ ನೀವು ಕೂತಿದ್ದರೂ, ಎಚ್‌1ಬಿ ಮೇಲೆ ಒಳಗೆ ಬಂದು 30 ದಿನ ಆಯಿತು ಅಂದರೆ ಸಂಬಳ ಶುರುವಾಗಬೇಕು. ನೀವೇ ಸ್ವಂತ ಕಾರಣಕ್ಕೆ ರಜೆ ಕೇಳಿದ್ದರೆ ಮಾತ್ರ ಬೇರೆ.

ನನಗೆ ಮುಜುಗರ ಆಗಿದ್ದು ನೋಟಿಸ್ ವಿಷಯದಲ್ಲಿ. ಎಲ್‌ಸಿಎ ಹಾಕುವಾಗ ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವ ಎರಡು ಕಡೆ 10 ದಿನ ನೋಟಿಸ್ ಹಾಕಬೇಕು, ಹುದ್ದೆ, ಸಂಬಳ, ಅವಧಿ ಬರೆದು. ಏಜೆನ್ಸಿಯ ಆಫೀಸಿನಲ್ಲಿ ಹಾಕಿದರೆ ಸಾಲದು, ನೀವು ಕೆಲಸ ಮಾಡುವ ಶಾಲೆಯಲ್ಲೇ ಹಾಕಬೇಕು. ಮುಂದೊಮ್ಮೆ ನನ್ನ ವೀಸಾ ಮುಂದುವರಿಸಲು ಹೊಸ ಎಲ್‌ಸಿಎ ಮಾಡಿದಾಗ ನಂದು ಸ್ಟಾಫ್ ರೂಮಿನ ಮೈಕ್ರೋವೇವ್ ಮೇಲಿನ ಬೋರ್ಡಿನಲ್ಲಿತ್ತು, ಹುಟ್ಟುಹಬ್ಬದ ಪಟ್ಟಿಯ ಪಕ್ಕ. ಹೆಸರು ಇರೋದಿಲ್ಲ. ಆದರೆ ಇಡೀ ಶಾಲೆಯಲ್ಲಿ ಎಚ್‌1ಬಿ ಥೆರಪಿಸ್ಟ್ ಅಂತ ಇದ್ದಿದ್ದು ನಾನೊಬ್ಬಳೇ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಬಿಟ್ಟರೆ ಸಂಬಳ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ, ಅಲ್ಲಿ ಊಟ ಬಿಸಿ ಮಾಡಲು ಬಂದವರೆಲ್ಲ ಓದುತ್ತಿದ್ದರು. ಅದರಿಂದ ಲಾಭವೂ ಆಯಿತು. ಅಲ್ಲಿನ ಒಬ್ಬ ಹಿರಿಯ ಥೆರಪಿಸ್ಟ್ ಅದನ್ನು ನೋಡಿ, ಸ್ಕೂಲ್ ಡಿಸ್ಟ್ರಿಕ್ಟ್‌ನ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ) ಸ್ವಂತ ನೌಕರರಿಗೆ ಎಷ್ಟು ಸಿಗುತ್ತದೆ ಅಂತ ನನಗೆ ಹೇಳಿದರು. ಸರ್ಕಾರಿ ಶಾಲೆಗಳ ಸಂಬಳ ಪಟ್ಟಿ ಹೇಗೂ ಬಹಿರಂಗವೇ.

ದುಡ್ಡು ಮುರಿದುಕೊಳ್ಳುವ ಬಗ್ಗೆ ಚಿಕ್ಕದಾಗಿ. ಎಚ್‌1ಬಿ ಪೆಟಿಷನ್‌ನ ವಕೀಲರ ಫೀಸು, ಅರ್ಜಿ ಫೀಸು ಕಂಪನಿಯ ಖರ್ಚು. ಅದನ್ನು ನಿಮ್ಮ ಸಂಬಳದಿಂದ ಹಿಡಿದು ಸಂಬಳ ಕನಿಷ್ಠಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಕಂಪನಿ ಸರ್ಕಾರಕ್ಕೆ ಕಟ್ಟುವ ತರಬೇತಿ ಫೀಸು ಅಂತ ಒಂದಿದೆ, ಕಂಪನಿ ದೊಡ್ಡದೋ ಚಿಕ್ಕದೋ ನೋಡಿ 1,500 ಅಥವಾ 750 ಡಾಲರ್. ಅದನ್ನಂತೂ ನೌಕರರ ಕೈಯಿಂದ ಯಾವ ರೂಪದಲ್ಲೂ ತೆಗೆದುಕೊಳ್ಳುವಂತಿಲ್ಲ.

ಈಗ ಪರಿಸ್ಥಿತಿ ಬೇರೆ ಆಗಿದೆ. ಅಮೆರಿಕದ ಹೊರಗಿರುವವರಿಗಾಗಿ 2025ರ ಸೆಪ್ಟೆಂಬರ್ 21ರಿಂದ ಹಾಕುವ ಹೊಸ ಎಚ್‌1ಬಿ ಪೆಟಿಷನ್‌ಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ಒಬ್ಬ ಸ್ಪೀಚ್ ಥೆರಪಿಸ್ಟ್‌ಗಾಗಿ ಅಷ್ಟು ಕಟ್ಟುವ ಶಾಲೆ ಎಲ್ಲಿದೆ? ಈ ಹುದ್ದೆಗೆ 2024ರ ಮೇ ತಿಂಗಳ ಲೆಕ್ಕದಲ್ಲಿ ಇಡೀ ದೇಶದ ನಡುಮಧ್ಯದ (ಮೀಡಿಯನ್) ವಾರ್ಷಿಕ ಸಂಬಳವೇ 95,410 ಡಾಲರ್. ಹಾಗಾಗಿ ಕುಶಾಲನಗರದಲ್ಲಿ ಕೂತು ನೇರವಾಗಿ ಎಚ್‌1ಬಿ ಹುಡುಕುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅಲ್ಲೇ ಮಾಸ್ಟರ್ಸ್ ಮುಗಿಸಿ ವೀಸಾ ಬದಲಾಯಿಸಿಕೊಳ್ಳುವವರ ಲೆಕ್ಕ ಬೇರೆ. ಜೊತೆಗೆ 2026ರಿಂದ ಎಚ್‌1ಬಿ ಯಾರಿಗೆ ಅಂತ ಆರಿಸುವ ಲಾಟರಿಯಲ್ಲೂ ಸಂಬಳದ ಲೆವೆಲ್ ಬಂದು ಕೂತಿದೆ. ಲೆವೆಲ್ 4ಕ್ಕೆ ನಾಲ್ಕು ಚೀಟಿ, ಲೆವೆಲ್ 1ಕ್ಕೆ ಒಂದೇ ಚೀಟಿ. ಯೂನಿವರ್ಸಿಟಿಗೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೆ ಲಾಟರಿಯ ತಲೆನೋವು ಇಲ್ಲ, ಮೊದಲು ಅಲ್ಲಿ ಹುಡುಕಿ.

ಇಂಗ್ಲೆಂಡ್ ಕಡೆ ನೋಡುವವರಿಗೆ ಸಂಬಳ ಓದೋದು ಸುಲಭ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸಬರು ಬ್ಯಾಂಡ್ 5 ಅನ್ನೋ ಸಂಬಳದ ದರ್ಜೆಯಲ್ಲಿ ಸೇರುತ್ತಾರೆ, ಇಂಗ್ಲೆಂಡ್‌ನಲ್ಲಿ 2025-26ರ ಶುರುವಿನ ಸಂಬಳ 31,049 ಪೌಂಡ್. ಹೆಲ್ತ್ ಅಂಡ್ ಕೇರ್ ವೀಸಾ ಕೇಳುವ ಕನಿಷ್ಠ 25,000 ಪೌಂಡ್, ಬ್ಯಾಂಡ್ ಸಂಬಳ ಅದಕ್ಕಿಂತ ಮೇಲಿರುವುದರಿಂದ ಬ್ಯಾಂಡ್‌ನದೇ ಲೆಕ್ಕ. ಅಲ್ಲಿ ಕಷ್ಟ ಸಂಬಳದಲ್ಲಿಲ್ಲ, ಇಂಗ್ಲಿಷ್ ಪರೀಕ್ಷೆಯಲ್ಲಿದೆ. ಎಚ್‌ಸಿಪಿಸಿ (ಅಲ್ಲಿ ಥೆರಪಿಸ್ಟ್‌ಗಳನ್ನು ನೋಂದಾಯಿಸುವ ಸಂಸ್ಥೆ) ನೋಂದಣಿಗೆ ಬೇರೆ ಥೆರಪಿಸ್ಟ್‌ಗಳಿಗೆ ಐಇಎಲ್‌ಟಿಎಸ್ 7 ಸಾಕು, ನಮಗೆ 8 ಬೇಕು, ಯಾವ ಭಾಗದಲ್ಲೂ 7.5ಕ್ಕಿಂತ ಕೆಳಗೆ ಇರಬಾರದು. ಮಾತು ಕಲಿಸುವವರಿಗೆ ಜಾಸ್ತಿ ಕೇಳೋದು ನ್ಯಾಯವೇ ಬಿಡಿ.

ಅಮೆರಿಕದಲ್ಲಿ ಮಾಸ್ಟರ್ಸ್ ಮುಗಿಸುತ್ತಿರುವ ವಿರಾಜಪೇಟೆಯ ಹುಡುಗಿಯೊಬ್ಬಳು ಮೊನ್ನೆ ಒಂದು ಏಜೆನ್ಸಿಯ ಆಫರ್ ಕಳಿಸಿದ್ದಳು. ಮೊದಲು ನಾನು ಆಫರ್ ತೆರೆಯಲೇ ಇಲ್ಲ. ಕಾರ್ಮಿಕ ಇಲಾಖೆ ಎಲ್‌ಸಿಎಗಳ ಮಾಹಿತಿಯನ್ನು ಮೂರು ತಿಂಗಳಿಗೊಮ್ಮೆ ಎಕ್ಸೆಲ್ ಫೈಲ್ ಮಾಡಿ ಎಲ್ಲರಿಗೂ ಬಿಡುತ್ತದೆ. ಕಂಪನಿ, ಊರು, ಹುದ್ದೆ, ಲೆವೆಲ್, ಸಂಬಳ ಎಲ್ಲಾ ಅದರಲ್ಲಿರುತ್ತದೆ. ಆ ಏಜೆನ್ಸಿಯ ಹೆಸರು ಹಾಕಿ ಹುಡುಕಿ ಅಂತ ಅವಳಿಗೇ ಹೇಳಿದೆ. ಬೇರೆ ಬೇರೆ ಊರು, ಎಲ್ಲಾ ಸ್ಪೀಚ್ ಥೆರಪಿಸ್ಟ್, ಸಾಲಿಗೆ ಸಾಲು ಲೆವೆಲ್ 1. "ಅಕ್ಕ, ಇವರ ಹತ್ತಿರ ಅನುಭವ ಇರೋರು ಯಾರೂ ಇಲ್ವಾ?" ಅಂದಳು. ಜೂನ್, ಜುಲೈ ಚೀಟಿಯ ಪ್ರಶ್ನೆಯನ್ನು ಬರೆದು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಒಂದು ಯೂನಿವರ್ಸಿಟಿ ಆಸ್ಪತ್ರೆಗೆ ಅರ್ಜಿ ಹಾಕಿಯಾಗಿದೆ.