ಪುಣೆಯ ಚೌಕದಲ್ಲಿ ಅರ್ಧ ರಸ್ತೆಯ ಲೆಕ್ಕ

ಓದಿಗೆಂದೋ ಕೆಲಸಕ್ಕೆಂದೋ ಪುಣೆಗೆ ಬರುವ ನಮ್ಮ ಕಡೆಯವರಿಗೆ ಬಾಡಿಗೆಮನೆಯ ಕರಾರು, ಮೆಟ್ರೊ ಕಾರ್ಡುಗಳ ಬಗ್ಗೆ ಹೇಳಿಕೊಡಲು ಬೇಕಾದಷ್ಟು ಜನರಿದ್ದಾರೆ. ಚೌಕ ದಾಟುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. 11 ವರ್ಷಗಳ ಹಿಂದೆ ಧಾರವಾಡದಿಂದ ಬಂದ ಎರಡನೆಯ ತಿಂಗಳಲ್ಲೇ ನಾನು ಮಾಡಿದ ತಪ್ಪನ್ನು ಕಳೆದ ವಾರ ಅಲ್ಕಾ ಟಾಕೀಸ್ ಚೌಕದಲ್ಲಿ ಕನ್ನಡ ಮಾತನಾಡುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ಹಾಗೆಯೇ ಮಾಡಿದರು. ಕೂಗಿ ನಿಲ್ಲಿಸಿದ್ದರಿಂದ ಅವರಿಗೆ ಏನೂ ಆಗಲಿಲ್ಲ.

ಇಲ್ಲಿನ ದೊಡ್ಡ ಚೌಕಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ರಸ್ತೆಯ ವಾಹನಗಳನ್ನು ಬಿಡುತ್ತಾರೆ. ಇದಕ್ಕೆ ಊರವರ ಮಾತು ‘ಸಿಗ್ನಲ್ ಸುಟ್ಲಾ’. ಬಿಟ್ಟ ರಸ್ತೆಯ ವಾಹನಗಳು ನೇರಕ್ಕೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಹೋಗುತ್ತವೆ. ಉಳಿದ ರಸ್ತೆಗಳಲ್ಲಿ ಕೆಂಪು ದೀಪ ಇರುತ್ತದೆ. ಮೋಸ ಹೋಗುವುದು ಇಲ್ಲೇ. ನೀವು ದಾಟಬೇಕಾದ ರಸ್ತೆಯಲ್ಲಿ ಕೆಂಪು ಬಿದ್ದು, ಬಲಗಡೆಯಿಂದ ಬಂದ ಬಸ್ಸು, ರಿಕ್ಷಾ, ಸ್ಕೂಟರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ರಸ್ತೆ ನಿಂತಿದೆ ಎಂದು ನೀವು ಹೆಜ್ಜೆ ಇಡುತ್ತೀರಿ. ಆದರೆ ನಿಂತಿರುವುದು ಚೌಕಕ್ಕೆ ಬರುವ ಅರ್ಧ ರಸ್ತೆ ಮಾತ್ರ. ಡಿವೈಡರಿನ ಆಚೆಗಿನ ಅರ್ಧ, ಚೌಕದಿಂದ ಹೊರಬೀಳುವ ವಾಹನಗಳದ್ದು. ಉಳಿದ ರಸ್ತೆಗಳಲ್ಲಿ ಯಾವುದನ್ನು ಬಿಟ್ಟರೂ ಅದರಿಂದ ಒಂದಷ್ಟು ವಾಹನಗಳು ಆ ಅರ್ಧಕ್ಕೇ ತಿರುಗಿ ಬರುತ್ತವೆ, ಅದೂ ನಿಮ್ಮ ಎಡಗಡೆಯಿಂದ.

ನಾನು ಹಾಗೆಯೇ ಬಲಕ್ಕೆ ನೋಡುತ್ತ ಡಿವೈಡರ್ ದಾಟಿದ್ದೆ. ಎಡದಿಂದ ತಿರುಗಿದ ಬೈಕಿನ ಹ್ಯಾಂಡಲ್ ಹೆಗಲಲ್ಲಿದ್ದ ಚೀಲದ ಪಟ್ಟಿಗೆ ಸಿಕ್ಕಿಕೊಂಡು, ನಾನು ಅರ್ಧ ಸುತ್ತು ತಿರುಗಿ, ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು, ಲ್ಯಾಪ್‌ಟಾಪಿನ ಪರದೆ ಒಡೆಯಿತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆ ಮತ್ತು ದುರಸ್ತಿ ಸೇರಿ 31,000 ರೂಪಾಯಿ ಹೋಯಿತು. ಆಗ ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಬೈಕಿನವನು ಸಿಗ್ನಲ್ ಮುರಿದಿರಲಿಲ್ಲ, ಅವನ ದೀಪ ಹಸಿರಾಗಿಯೇ ಇತ್ತು.

ಆದ್ದರಿಂದ ಒಂದೇ ರಸ್ತೆಯನ್ನು ಎರಡು ರಸ್ತೆಗಳೆಂದು ಎಣಿಸಿ ದಾಟಬೇಕು. ಈ ಕಡೆಯಿಂದ ಹೊರಟವರು ರಸ್ತೆಗೆ ಕೆಂಪು ಬಿದ್ದಾಗ ಮೊದಲರ್ಧ ದಾಟಿ ಡಿವೈಡರಿನ ಮೇಲೆ ನಿಲ್ಲಿ. ಅದೇ ರಸ್ತೆಯ ಸಿಗ್ನಲ್ ಬಿಟ್ಟು, ನಿಮ್ಮ ಬೆನ್ನ ಹಿಂದೆ ವಾಹನಗಳು ಹರಿಯತೊಡಗಿದಾಗ ಎರಡನೆಯ ಅರ್ಧ ಬರಿದಾಗುತ್ತದೆ, ಆಗ ಹೊರಡಿ. ಬೆನ್ನ ಹಿಂದೆ ಗದ್ದಲವಿರುವಾಗ ಮುಂದೆ ಹೆಜ್ಜೆ ಇಡಲು ಮೊದಮೊದಲು ಧೈರ್ಯ ಬರುವುದಿಲ್ಲ, ಆದರೆ ಆ ಅರ್ಧಕ್ಕೆ ಅದೇ ಸರಿಯಾದ ಹೊತ್ತು. ಆಗಲೂ ಯೂ-ಟರ್ನ್ ಹೊಡೆಯುವವರನ್ನೂ, ಕೆಂಪಿದ್ದರೂ ಎಡಕ್ಕೆ ನುಸುಳುವವರನ್ನೂ ನೋಡಿಕೊಳ್ಳಲೇಬೇಕು. ಹೊಸ ಚೌಕವಾದರೆ ಸಿಗ್ನಲ್ಲಿನ ಒಂದು ಪೂರ್ತಿ ಸುತ್ತು ಸುಮ್ಮನೆ ನಿಂತು ನೋಡಿ. ಕೆಂಪು ಅಂಕಿಗಳು ಇಳಿಯುತ್ತಿದ್ದರೆ ಅವು ವಾಹನದವರಿಗೆ ಇಟ್ಟ ಅಂಕಿಗಳೆಂಬುದನ್ನು ನೆನಪಿಡಿ: 4 ಅಥವಾ 5 ಕಾಣುವಷ್ಟರಲ್ಲಿ ದ್ವಿಚಕ್ರದವರು ಜೀಬ್ರಾ ಪಟ್ಟೆಯ ಮೇಲಕ್ಕೆ ಬಂದಿರುತ್ತಾರೆ.

ಇನ್ನು ಮೂಲೆಯಿಂದ ಮೂಲೆಗೆ ಅಡ್ಡಹಾಯುವ ಮಾತು. ಟೋಕಿಯೊದ ಶಿಬುಯಾದಲ್ಲಿ, 2009ರಿಂದ ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಜನ ಹಾಗೆ ದಾಟುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅಮೆರಿಕದಲ್ಲಿ ಈ ಪದ್ಧತಿಯನ್ನು ಬಳಕೆಗೆ ತಂದು ಹೆಸರಾದ ಸಂಚಾರ ಎಂಜಿನಿಯರ್ ಹೆನ್ರಿ ಬಾರ್ನ್ಸ್. ಅಲ್ಲಿ ಎಲ್ಲ ರಸ್ತೆಗಳಿಗೂ ಒಟ್ಟಿಗೆ ಕೆಂಪು ಹಾಕಿ ಇಡೀ ಚೌಕವನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ನಾನು ದಾಟುವ ಪುಣೆಯ ಚೌಕಗಳಲ್ಲಿ ಅಂಥ ಹೊತ್ತು ಇಲ್ಲವೇ ಇಲ್ಲ. ಒಂದು ರಸ್ತೆ ನಿಲ್ಲುವಷ್ಟರಲ್ಲಿ ಇನ್ನೊಂದು ಹೊರಟಿರುತ್ತದೆ. 20 ಮೀಟರ್ ಅಗಲದ ಚೌಕದಲ್ಲಿ ಕರ್ಣದ ಉದ್ದ ಸುಮಾರು 28 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೂ 23 ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಎರಡು ರಸ್ತೆಗಳನ್ನು ಸುತ್ತಿ ದಾಟುವುದಕ್ಕಿಂತ 12 ಮೀಟರ್ ಉಳಿಯುತ್ತದೆಂಬ ಆಸೆಗೆ ಚೌಕದ ನಟ್ಟನಡುವೆ ಸಿಕ್ಕಿಬೀಳಬೇಡಿ.

ಲಕಡಿ ಪೂಲ್, ಲಕ್ಷ್ಮೀ ರಸ್ತೆ, ಟಿಳಕ್ ರಸ್ತೆ, ಶಾಸ್ತ್ರಿ ರಸ್ತೆಗಳು ಕೂಡುವ ಅಲ್ಕಾ ಚೌಕದಂಥ ಕಡೆ ಆ ಪದ್ಧತಿ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಿಗ್ನಲ್ಲಿನ ಸುತ್ತು ಉದ್ದವಾಗಿ ವಾಹನದವರು ಹೆಚ್ಚು ಕಾಯಬೇಕಾಗುತ್ತದೆ, ನಿಜ. ಆದರೆ ಈಗ ಆ ಕಾಯುವಿಕೆಯೆಲ್ಲ ನಡೆಯುವವರ ಪಾಲಿಗೇ ಬಿದ್ದಿದೆ. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯಲ್ಲಿ ವಾಹನ ನಿಲ್ಲಿಸಿ ಪಾದಚಾರಿ ದಿನ ಆಚರಿಸತೊಡಗಿದ ಊರು ಇದು. ಪ್ರತಿ ಸುತ್ತಿನಲ್ಲೂ ಅರ್ಧ ನಿಮಿಷ ಕೊಡುವುದು ಈ ಊರಿಗೆ ಆಗದ ಕೆಲಸವಲ್ಲ.

ಅಲ್ಲಿಯವರೆಗೆ, ದಾಟುವುದನ್ನೇ ಕಡಿಮೆ ಮಾಡಿಕೊಳ್ಳುವ ಎರಡು ಮರಾಠಿ ಮಾತುಗಳನ್ನು ಕಲಿತುಕೊಳ್ಳಿ. ‘ಅಲೀಕಡೆ’ ಎಂದರೆ ಚೌಕಕ್ಕಿಂತ ಈಚೆ, ‘ಪಲೀಕಡೆ’ ಎಂದರೆ ಆಚೆ. ರಿಕ್ಷಾದವರಿಗೆ ಬರೀ ಚೌಕದ ಹೆಸರು ಹೇಳಿದರೆ ಅವರಿಗೆ ಅನುಕೂಲವಾದ ಮೂಲೆಯಲ್ಲಿ ಇಳಿಸುತ್ತಾರೆ. ‘ಚೌಕಾಚ್ಯಾ ಪಲೀಕಡೆ’ ಎಂದು ಹತ್ತುವಾಗಲೇ ಹೇಳಿದರೆ ಅದೇ ಬಾಡಿಗೆಗೆ ಆಚೆಗೆ ಒಯ್ದು ಇಳಿಸುತ್ತಾರೆ. ಊರಿನಿಂದ ಅಮ್ಮ ಬಂದಾಗ ನಾನು ಈ ಮಾತು ಹೇಳದೆ ರಿಕ್ಷಾ ಹತ್ತುವುದಿಲ್ಲ.