ಗೊಂಬೆಯ ಟೋಪಿ ಮೊದಲು, ಮನುಷ್ಯರ ಟೋಪಿ ಆಮೇಲೆ

ಇಂಚಿಗೆ ಎಷ್ಟು ಕುಣಿಕೆ ಬರುತ್ತವೆಂದು ಅಳೆಯಲು ಚೌಕಾಕಾರದ ಮಾದರಿ ತುಂಡು ಹೆಣೆಯುವುದನ್ನು ನಾನು ಬಿಟ್ಟು ಆರು ವರ್ಷವಾಯಿತು. ಹೊಸ ಉಣ್ಣೆಯ ಉಂಡೆ ಕೈಗೆ ಬಂದರೆ ಮೊದಲು ಗೊಂಬೆಗೊಂದು ಟೋಪಿ ಹೆಣೆಯುತ್ತೇನೆ. ಒಗೆದು, ಒಣಗಿಸಿ, ಅಳೆಯುತ್ತೇನೆ. ದೊಡ್ಡ ಟೋಪಿಗೆ ಎಷ್ಟು ಕುಣಿಕೆ ಹಾಕಬೇಕೆಂದು ಆ ಪುಟ್ಟ ಟೋಪಿಯೇ ಹೇಳುತ್ತದೆ. ಇದನ್ನು ಮೊದಲ ಸಲ ಹೇಳಿದಾಗ ನಮ್ಮ ಹೆಣಿಗೆಯ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯರೊಬ್ಬರು, "ಗೊಂಬೆಯ ತಲೆ ಅಳೆದು ಮನುಷ್ಯರಿಗೆ ಟೋಪಿ ಹೆಣೆಯುತ್ತೀಯೇನೇ? ಅರವತ್ತು ಕುಣಿಕೆಯಲ್ಲಿ ಕೈಯ ಬಿಗಿತ ತಿಳಿಯುವುದಿಲ್ಲ" ಎಂದಿದ್ದರು. ಕಳೆದ ತಿಂಗಳು ಅದೇ ಅಕ್ಕ ಫೋನ್ ಮಾಡಿ ಲೆಕ್ಕ ಬರೆಸಿಕೊಂಡರು. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಾನು ಕಡ್ಡಿ ಹಿಡಿದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಮೊದಲು ಹೆಣೆದದ್ದು ಗೊಂಬೆಗೊಂದು ಶಾಲು. ನಲವತ್ತೈದು ವರ್ಷಗಳಲ್ಲಿ ಸ್ವೆಟರ್, ಕಾಲುಚೀಲ, ಕುಲಾವಿ ಎಲ್ಲವನ್ನೂ ಮಾಡಿದ್ದೇನೆ. ಕೊನೆಗೆ ಕೈ ನಿಂತದ್ದು ಎರಡರಲ್ಲಿ ಮಾತ್ರ, ಟೋಪಿ ಮತ್ತು ಗೊಂಬೆಯ ಉಡುಪು. ಎರಡೂ ಬೇಗ ಮುಗಿಯುತ್ತವೆ. ಎರಡರಲ್ಲೂ ತಪ್ಪು ಮುಚ್ಚಿಡಲು ಜಾಗವಿಲ್ಲ. ಆದರೂ ಬಹಳ ವರ್ಷ ಇವೆರಡನ್ನೂ ಬೇರೆ ಬೇರೆ ಕೆಲಸವೆಂದೇ ತಿಳಿದಿದ್ದೆ.

ಬುದ್ಧಿ ಬಂದದ್ದು ನಷ್ಟದಿಂದ. ಒಂದು ಮಕ್ಕಳ ತಂಡಕ್ಕೆ 24 ಟೋಪಿ ಬೇಕೆಂದು ಕೇಳಿದರು. ಒಗೆಯಲು ಸುಲಭವಾಗಲಿ ಎಂದು ದುಬಾರಿ ಸೂಪರ್‌ವಾಶ್ ಉಣ್ಣೆಯನ್ನೇ ತಂದೆ, ಅಂದರೆ ಮಷೀನಿನಲ್ಲಿ ಒಗೆಯಬಹುದಾದಂತೆ ಸಂಸ್ಕರಿಸಿದ್ದು. ಪದ್ಧತಿಯಂತೆ 4 ಮಿಲಿಮೀಟರ್ ಕಡ್ಡಿಯಲ್ಲಿ ಚೌಕದ ತುಂಡು ಹೆಣೆದೆ. ಇಂಚಿಗೆ ಐದೂವರೆ ಕುಣಿಕೆ ಬಂತು. ಆ ವಯಸ್ಸಿನ ಮಕ್ಕಳ ತಲೆಸುತ್ತು ಸುಮಾರು 21 ಇಂಚು. ಟೋಪಿ ತಲೆಯನ್ನು ಹಿಡಿದು ನಿಲ್ಲಬೇಕಲ್ಲ, ಎರಡು ಇಂಚು ಕಡಿಮೆ ಹಿಡಿದು 19 ಇಂಚಿಗೆ 104 ಕುಣಿಕೆ ಹಾಕಿದೆ. ಒಪ್ಪಿಸಿದ ದಿನ ಎಲ್ಲವೂ ಚೆನ್ನಾಗಿತ್ತು. ಎರಡು ವಾರಕ್ಕೆ ಹನ್ನೊಂದು ಟೋಪಿ ಹಿಂದಕ್ಕೆ ಬಂದವು. ಒಂದು ಸಲ ಒಗೆದದ್ದಕ್ಕೇ 21 ಇಂಚು ದಾಟಿ ಹಿಗ್ಗಿದ್ದವು, ಮಕ್ಕಳ ಕಣ್ಣಿನ ಮೇಲೆ ಜಾರುತ್ತಿದ್ದವು. ಹಣ ಮರಳಿಸಿದೆ. ಉಣ್ಣೆಗೆ ಹಾಕಿದ ದುಡ್ಡಿನಲ್ಲಿ ಅರ್ಧ ಹೋಯಿತು, ಎರಡು ತಿಂಗಳ ಸಂಜೆಗಳೂ ಹೋದವು.

ತುಂಡನ್ನು ಒಗೆಯದೆ ಅಳೆದದ್ದು ನನ್ನದೇ ತಪ್ಪು. ಮುಂದಿನ ಸಲ ಒಗೆದೇ ಅಳೆದೆ. ಇಂಚಿಗೆ ಐದು ಕುಣಿಕೆ ಬಂತು, ದೊಡ್ಡವರ ಟೋಪಿಗೆ ನೂರು ಕುಣಿಕೆ ಹಾಕಿದೆ. ಈ ಸಲ ಟೋಪಿ ಬಿಗಿಯಾಗಿ ಹಣೆಯ ಮೇಲೆ ಕೆಂಪು ಗೆರೆ ಮೂಡಿಸಿತು. ಅಂಚಿನ ಕುಣಿಕೆ ಬಿಗಿಯಾಯಿತೇನೋ ಎಂದು ಬಿಚ್ಚಿ, ದಪ್ಪ ಕಡ್ಡಿಯಲ್ಲಿ ಎತ್ತಿ ನೋಡಿದೆ. ಫಲವಿಲ್ಲ. ಟೋಪಿಯ ನಡುವನ್ನೇ ಅಳೆದಾಗ ಕಾರಣ ಸಿಕ್ಕಿತು: ಅಲ್ಲಿ ಇಂಚಿಗೆ ಐದೂಕಾಲಿಗಿಂತ ಹೆಚ್ಚು ಕುಣಿಕೆಗಳಿದ್ದವು. ಚೌಕದ ತುಂಡಿನಲ್ಲಿ ಒಂದು ಸಾಲು ನೇರ, ಒಂದು ಸಾಲು ಉಲ್ಟಾ. ನನ್ನ ಉಲ್ಟಾ ಹೊಲಿಗೆ ನೇರ ಹೊಲಿಗೆಗಿಂತ ಸಡಿಲ, ಬಹಳ ಮಂದಿಯದೂ ಹಾಗೆಯೇ. ಟೋಪಿಯನ್ನು ಸುತ್ತಾಗಿ ಹೆಣೆಯುವಾಗ ಅಂಚಿನ ಹಿಗ್ಗುವ ಪಟ್ಟಿ (ರಿಬ್) ಮುಗಿದ ಮೇಲೆ ಉಲ್ಟಾ ಹೊಲಿಗೆ ಬರುವುದೇ ಇಲ್ಲ. ಇಂಚಿಗೆ ಅರ್ಧ ಕುಣಿಕೆ ತಪ್ಪಿದರೆ ಇಡೀ ತಲೆಸುತ್ತಿಗೆ ಎರಡು ಇಂಚು ತಪ್ಪುತ್ತದೆ. ಸ್ವೆಟರ್ ಇಷ್ಟನ್ನು ತಾಳಿಕೊಳ್ಳಬಹುದು, ಟೋಪಿ ತಾಳುವುದಿಲ್ಲ.

ಸುತ್ತಾಗಿಯೇ ಹೆಣೆದು ಅಳೆಯಬೇಕು, ಹಾಗೆಂದು ಅರ್ಧ ಉಂಡೆ ಕಳೆದುಕೊಳ್ಳಲೂ ಬಾರದು. ಆಗ ಕಪಾಟಿನಲ್ಲಿದ್ದ 18 ಇಂಚಿನ ಗೊಂಬೆ ಕಣ್ಣಿಗೆ ಬಿತ್ತು. ಅದರ ತಲೆಸುತ್ತು 12 ಇಂಚಿನ ಆಸುಪಾಸು. 64 ಕುಣಿಕೆ ಹಾಕಿದೆ. ನೆತ್ತಿಗೆ ಎಂಟು ಭಾಗ, ಭಾಗಕ್ಕೆ ಎಂಟು ಕುಣಿಕೆ, ಸುತ್ತು ಬಿಟ್ಟು ಸುತ್ತಿಗೆ ಭಾಗಕ್ಕೊಂದು ಕುಣಿಕೆ ಇಳಿಸುತ್ತ ಹೋದರೆ ಏಳನೆಯ ಇಳಿಕೆಗೆ ಎಂಟೇ ಉಳಿಯುತ್ತವೆ. ಒಂದು ಸಂಜೆಯ ಕೆಲಸ. ಒಗೆದು, ಸಣ್ಣ ಬಟ್ಟಲಿನ ಮೇಲೆ ಕವುಚಿ, ಪೂರ್ತಿ ಒಣಗಿಸಿ, ರಿಬ್‌ಗಿಂತ ಮೇಲೆ, ಇಳಿಕೆಗಿಂತ ಕೆಳಗೆ, ನಡುಭಾಗದಲ್ಲಿ ಸುತ್ತಳತೆ ತೆಗೆಯಬೇಕು. 64ನ್ನು ಆ ಅಳತೆಯಿಂದ ಭಾಗಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ. ಹನ್ನೆರಡೂಕಾಲು ಇಂಚು ಬಂತೆನ್ನಿ, ಇಂಚಿಗೆ ಐದೂಕಾಲರ ಹತ್ತಿರ. 20 ಇಂಚಿನ ಟೋಪಿಗೆ 104 ಕುಣಿಕೆ, ಎಂಟರಿಂದ ಸರಿಯಾಗಿ ಭಾಗವಾಗುತ್ತದೆ.

ಬರೆದಷ್ಟು ಸಲೀಸಾಗಿ ಇದು ಕೈಗೆ ಹತ್ತಲಿಲ್ಲ. ಮೊದಲ ಏಳೆಂಟು ಟೋಪಿಗಳು ಮುಕ್ಕಾಲು ಇಂಚು, ಒಂದು ಇಂಚು ತಪ್ಪಿದವು. ಅಕ್ಕನ ಮಾತೇ ನಿಜವೆಂದು ಬಳಗದವರು ತಲೆಯಾಡಿಸಿದರು. ನಾನು ಗೊಂಬೆಯ ಟೋಪಿಯನ್ನು ಎರಡೂ ತುದಿ ಚೂಪಾದ ಐದು ಕಡ್ಡಿಗಳಲ್ಲಿ, ದೊಡ್ಡದನ್ನು ಸರ್ಕ್ಯುಲರ್ ಕಡ್ಡಿಯಲ್ಲಿ (ಎರಡು ಕಡ್ಡಿಗಳನ್ನು ಬಳುಕುವ ತಂತಿಯಿಂದ ಸೇರಿಸಿದ್ದು) ಹೆಣೆಯುತ್ತಿದ್ದೆ. ಐದು ಕಡ್ಡಿಗಳ ನಡುವಿನ ಸಂದಿಯಲ್ಲಿ ಕುಣಿಕೆ ಸಡಿಲಾಗಿ ಏಣಿಯಂಥ ಗೆರೆ ಬೀಳುತ್ತದಲ್ಲ, ಪುಟ್ಟ ಟೋಪಿಯಲ್ಲಿ ಅದೇ ಅಳತೆಯನ್ನು ಕಾಲು ಇಂಚು ತಪ್ಪಿಸುತ್ತದೆ. ಅದರ ಮೇಲೆ ಐದು ಕಡ್ಡಿಗಳು ಬಿದಿರಿನವು, ಸರ್ಕ್ಯುಲರ್ ಲೋಹದ್ದು. ಲೋಹದ ಮೇಲೆ ನೂಲು ಜಾರುವುದರಿಂದ ನನ್ನ ಕೈ ಸಡಿಲವಾಗುತ್ತದೆ. ಈಗ ಚಿಕ್ಕದು, ದೊಡ್ಡದು ಎರಡನ್ನೂ ಅದೇ ಉದ್ದನೆಯ ಸರ್ಕ್ಯುಲರ್ ಕಡ್ಡಿಯಲ್ಲಿ ಮ್ಯಾಜಿಕ್ ಲೂಪ್ ಮಾಡಿ, ಅಂದರೆ ಹೆಚ್ಚಿನ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದು, ಹೆಣೆಯುತ್ತೇನೆ. ಲೂಪ್ ಎಳೆಯುವ ಜಾಗದ ಮೊದಲ ಎರಡು ಕುಣಿಕೆಗಳಿಗೆ ನಾನೊಂದು ಉಪಾಯ ಮಾಡುತ್ತೇನೆ. ಅದನ್ನು ಕಂಡುಕೊಳ್ಳಲು ಮೂರು ವರ್ಷ ಹಿಡಿಯಿತು, ಇಲ್ಲಿ ಬರೆಯುವುದಿಲ್ಲ.

ಅಲ್ಲಿಂದೀಚೆಗೆ 140ರಷ್ಟು ಟೋಪಿ ಮಾಡಿರಬೇಕು. ಅಳತೆ ಸರಿಯಿಲ್ಲವೆಂದು ಹಿಂದಕ್ಕೆ ಬಂದವು ಮೂರು. ಇಂಥ ಲೆಕ್ಕ ಹೇಳುವವರು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ.

ಹಣದ ಮಾತಿಗೆ ಬರೋಣ, "ಉಣ್ಣೆ ದಂಡ" ಎಂಬುದೇ ಎಲ್ಲರ ಮೊದಲ ಆಕ್ಷೇಪವಾಗಿತ್ತು. ಗೊಂಬೆಯ ಟೋಪಿಗೆ 15ರಿಂದ 18 ಗ್ರಾಂ ಹಿಡಿಯುತ್ತದೆ. ದೊಡ್ಡದಕ್ಕೆ ಅದರ ಮೂರು ಪಟ್ಟು, ಅಂಚು ಮಡಚುವಂತಿದ್ದರೆ ನಾಲ್ಕು ಪಟ್ಟು. ಎರಡೂ ಸೇರಿ 100 ಗ್ರಾಂ ಉಂಡೆಯೊಳಗೇ ಮುಗಿಯುತ್ತವೆ. ಪುಟ್ಟದನ್ನು ತೂಗಿ ನಾಲ್ಕರಿಂದ ಗುಣಿಸಿದರೆ ಉಂಡೆ ಸಾಲುತ್ತದೆಯೋ ಇಲ್ಲವೋ ಎಂಬುದೂ ಮೊದಲೇ ತಿಳಿಯುತ್ತದೆ. ನೆತ್ತಿಯ ಹತ್ತಿರ ನೂಲು ಮುಗಿದು, ಅದೇ ಬಣ್ಣದ ಅದೇ ಲಾಟ್ (ಒಂದೇ ಸಲ ಬಣ್ಣ ಹಾಕಿದ ನೂಲು) ಹುಡುಕುತ್ತ ಅಲೆದವರಿಗೆ ಇದರ ಬೆಲೆ ಗೊತ್ತು. ಮತ್ತು ಚೌಕದ ತುಂಡನ್ನು ಯಾರೂ ಕೊಳ್ಳುವುದಿಲ್ಲ. ಮಗುವಿಗೂ ಅದರ ಗೊಂಬೆಗೂ ಒಂದೇ ಬಣ್ಣದ ಜೋಡಿ ಟೋಪಿ ಎಂದರೆ ತಾಯಂದಿರು ಬಿಡುವುದಿಲ್ಲ. ಒಂಟಿ ಟೋಪಿಗೆ ಉಣ್ಣೆಯ ದುಡ್ಡಿನ ಎರಡು ಪಟ್ಟು ಕೊಡಲೂ ಚೌಕಾಸಿ ಮಾಡುತ್ತಿದ್ದವರು ಜೋಡಿಗೆ ಮೂರೂವರೆ ಪಟ್ಟು ಕೊಟ್ಟಿದ್ದಾರೆ.

ಗೊಂಬೆಯ ಕೋಟು, ಲಂಗಗಳಲ್ಲಿ ಮಾತ್ರ ದುಡ್ಡಿಲ್ಲ. ಒಂದು ಕೋಟಿಗೆ ಐದಾರು ಗಂಟೆ, ಉಣ್ಣೆ ಹಿಡಿಯಷ್ಟೂ ಇಲ್ಲ, ಆದರೆ ಕೊಳ್ಳುವವರು ಉಡುಪಿನ ಗಾತ್ರ ನೋಡಿಯೇ ಬೆಲೆ ಕಟ್ಟುತ್ತಾರೆ. ಅವುಗಳನ್ನು ನನ್ನ ಸಂತೋಷಕ್ಕೆ ಮಾಡುತ್ತೇನೆ. ಮೊದಮೊದಲು ತಲೆಯಿಂದ ತೊಡಿಸುವ ಸ್ವೆಟರ್ ಹೆಣೆದು ಸೋತೆ. ಗೊಂಬೆಯ ತಲೆ ಮೈಗಿಂತ ದೊಡ್ಡದು, ತಲೆ ತೂರುವಷ್ಟು ಅಗಲದ ಕುತ್ತಿಗೆಯಿಟ್ಟರೆ ಸ್ವೆಟರ್ ಹೆಗಲಿನಿಂದ ಜಾರುತ್ತದೆ. ಈಗ ಎಲ್ಲಕ್ಕೂ ಬೆನ್ನು ತೆರೆದು ಟಿಚ್ ಬಟನ್ ಹಾಕುತ್ತೇನೆ. ತೀರಾ ಚಿಕ್ಕ ಮಕ್ಕಳ ಗೊಂಬೆಗಾದರೆ ಗುಂಡಿಯೇ ಇಲ್ಲ, ಬಾಯಿಗೆ ಹಾಕಿಕೊಂಡಾವು, ಹೆಣೆದ ಪಟ್ಟಿಯನ್ನೇ ಕಟ್ಟುತ್ತೇನೆ. ತೋಳು ತೊಡಿಸುವಾಗ ಗೊಂಬೆಯ ಬೆರಳು ಕುಣಿಕೆಗೆ ಸಿಕ್ಕಿಕೊಂಡರೆ ಕೈಗೊಂದು ಪ್ಲಾಸ್ಟಿಕ್ ಚೂರು ಸುತ್ತಿ ತೂರಿಸಿ, ಸರಾಗವಾಗಿ ಹೋಗುತ್ತದೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೆಯ ಸ್ವೆಟರ್‌ಗಳನ್ನು ಬಿಚ್ಚಿ ನೂಲು ಉಳಿಸಲು ಹೊರಟೆ. ನಾಲ್ಕರಲ್ಲಿ ಎರಡು, ಬಟ್ಟೆಯಂತೆ ಕತ್ತರಿಸಿ ಹೊಲಿದವು, ಬಿಚ್ಚಿದರೆ ಗೇಣುದ್ದದ ಚೂರುಗಳು. ಒಳಹೊಲಿಗೆಯ ಅಂಚು ನೋಡಿ ಆರಿಸಬೇಕೆಂದು ಆಗ ತಿಳಿಯಿತು. ಬಿಚ್ಚಿದ ಸುರುಳಿ ನೂಲನ್ನು ಲಡಿ ಸುತ್ತಿ, ಒಗೆದು, ಕೆಳಗೆ ಭಾರ ಕಟ್ಟಿ ಒಣಗಿಸದೆ ಹೆಣೆದರೆ ಗೊಂಬೆಯ ಟೋಪಿ ಸುಳ್ಳು ಲೆಕ್ಕ ಕೊಡುತ್ತದೆ. ಅಕ್ರಿಲಿಕ್ ಟೋಪಿಯೊಂದಕ್ಕೆ ಆಕಾರ ಬರಲೆಂದು ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದೆ. ಶಾಖ ಹೆಚ್ಚಾಗಿ ಕುಣಿಕೆಗಳ ಜೀವವೇ ಹೋಯಿತು, ಟೋಪಿ ಒದ್ದೆ ಚಿಂದಿಯಂತೆ ಜೋತುಬಿತ್ತು, ಮತ್ತೆ ಸರಿಹೋಗಲಿಲ್ಲ. ಕಡುಗೆಂಪು ಟೋಪಿಯನ್ನು ವಾರಗಟ್ಟಲೆ ಗೊಂಬೆಯ ತಲೆಯಲ್ಲೇ ಬಿಟ್ಟದ್ದಕ್ಕೆ ವಿನೈಲ್ ಹಣೆಯ ಮೇಲೆ ಬಣ್ಣ ಇಳಿದು ನಿಂತಿತು. ಆ ಗೊಂಬೆಗೆ ಈಗ ಮುಂಗುರುಳು ಇಳಿಬಿಟ್ಟಿದ್ದೇನೆ. ಗಾಢ ಬಣ್ಣದವನ್ನು ಅಳೆದ ಕೂಡಲೇ ತೆಗೆದಿಡಿ, ಇಲ್ಲವೇ ಒಳಗೊಂದು ಬಿಳಿ ಬಟ್ಟೆ ಕೊಡಿ.

ಹನ್ನೊಂದೂವರೆ ಇಂಚಿನ ತೆಳು ಗೊಂಬೆಯ ಟೋಪಿಯಿಂದಲೂ ಅಳತೆ ಸಿಗುತ್ತದೆಯೇ ಎಂದು ನೋಡಿದೆ. ಅದರ ತಲೆಸುತ್ತು ನಾಲ್ಕು ಇಂಚಷ್ಟೆ. ಇಪ್ಪತ್ತೆರಡು ಕುಣಿಕೆಯ ಸುತ್ತಿನಲ್ಲಿ ಕೈ ಇಕ್ಕಟ್ಟಾಗಿ ಎಲ್ಲವೂ ಬಿಗಿಯಾಯಿತು. ಆ ಮಟ್ಟಿಗೆ ಅಕ್ಕನ ಮಾತು ಸರಿ, ಸುತ್ತಳತೆ ಹತ್ತು ಇಂಚಿಗಿಂತ ಕಡಿಮೆಯಿದ್ದರೆ ಲೆಕ್ಕವನ್ನು ನಂಬಬೇಡಿ.

ಇನ್ನೂ ಕೈಗೆ ಹತ್ತದೆ ಉಳಿದದ್ದು ದಪ್ಪ ನೂಲು. 8 ಮಿಲಿಮೀಟರ್ ಕಡ್ಡಿಯಲ್ಲಿ ಗೊಂಬೆಯ ಟೋಪಿಗೆ ಮೂವತ್ತರ ಆಸುಪಾಸು ಕುಣಿಕೆ. ಒಂದೇ ಒಂದು ಕುಣಿಕೆಯಷ್ಟು ಅಳತೆ ತಪ್ಪಿದರೂ ದೊಡ್ಡ ಟೋಪಿ ಅರ್ಧ ಇಂಚಿಗಿಂತ ಹೆಚ್ಚು ಏರುಪೇರಾಗುತ್ತದೆ. ಮೂರು ಸಲ ಸೋತಿದ್ದೇನೆ. ಮನೆಯಲ್ಲಿರುವ ಕರಡಿ ಗೊಂಬೆಯ ತಲೆಸುತ್ತು 16 ಇಂಚಿದೆ. ನಿನ್ನೆ ರಾತ್ರಿ ಅದಕ್ಕೆ 40 ಕುಣಿಕೆ ಹಾಕಿದೆ, ರಿಬ್ ಮುಗಿದಿದೆ.